ಪರ್ವಾ: ಕೊಟ್ಟೀನೊ, ಕೊಡ್ತೀನೊ

ಕಂತು ಒಂಬತ್ತು

ಮೊದಲು ಬಂದ ದನಿ ಹಳೆಯ ರಿಸೀವರಿನದೋ, ಹೊಸದರದೋ? ಇಷ್ಟೇ ಪ್ರಶ್ನೆ. ತುಳಸವ್ವ ಎರಡೂ ದನಿಗಳನ್ನು ಮನಸ್ಸಿನಲ್ಲೇ ಮತ್ತೊಮ್ಮೆ ತೂಗಿದಳು.

ಅವಳು ಗೋಡೆಗೆ ಮುಖ ಮಾಡಿ ಕುಳಿತಿದ್ದಳು. ಎದುರಿಗೆ ಸುಣ್ಣದ ಗೋಡೆ, ಅದರ ಮೇಲೆ ಪಾರ್ಶ್ವನಾಥರ ಪಟ, ಪಟದ ಪಕ್ಕದಲ್ಲಿ ಗಡಿಯಾರ. ಹನ್ನೆರಡೂಕಾಲು. ಬೆನ್ನ ಹಿಂದೆ ಅಕ್ಕೋಳದ ಬಾಪುಸಾಹೇಬರ ಪಡಸಾಲೆ. ಅಲ್ಲಿ ಮೇಜಿನ ಮೇಲೆ ಟೇಪು ಯಂತ್ರ, ಅದರ ದನಿಯನ್ನು ಹಿಗ್ಗಿಸಿ ಸ್ಪೀಕರಿಗೆ ಕಳಿಸುವ ಎರಡು ರಿಸೀವರುಗಳು, ಅವುಗಳ ಪಕ್ಕದಲ್ಲಿ ನಗುವನ್ನು ಹಲ್ಲಿನೊಳಗೇ ಹಿಡಿದು ನಿಂತ ಅಭಿನಂದನ. ಬಾಪುಸಾಹೇಬರ ತಮ್ಮನ ಮಗ.

“ಅವಸರಿಲ್ರಿ. ಮತ್ತೊಮ್ಮಿ ಹಚ್ಚಲೇನು?”

ಹಚ್ಚಿರಿ ಎಂದಳು. ಟೇಪು ಹಿಂದಕ್ಕೆ ಸುತ್ತಿಕೊಂಡಿತು. ಮೂಲೆಯ ಸ್ಪೀಕರುಗಳಿಂದ ಹೆಣ್ಣುದನಿಯೊಂದು ಸ್ತೋತ್ರದ ಒಂದು ಚರಣ ಹೇಳಿತು. ಬಾಪುಸಾಹೇಬರ ಹೆಂಡತಿ ರಾಜಮತಿಬಾಯಿಯವರ ಮೂವತ್ತು ವರ್ಷದ ಹಿಂದಿನ ದನಿ. ಚರಣ ಮುಗಿಯಿತು. ಟಕ್ಕೆಂದು ಸ್ವಿಚ್ಚು ತಿರುಗಿತು. ಅದೇ ಚರಣ, ಇನ್ನೊಂದು ಯಂತ್ರದಿಂದ ಹಾದಂತೆ, ಮತ್ತೆ ಬಂತು.

ಹೆಸರುಬೇಳೆಯಲ್ಲಿ ಹರಳು ಹುಡುಕುವವಳಂತೆ ತುಳಸವ್ವ ಎರಡೂ ಸಲ ದನಿಯನ್ನು ಜಾಲಿಸಿದಳು. ಮೊದಲನೆಯದು ಒಂದಿಷ್ಟು ಮೆತ್ತಗೆ ಅನ್ನಿಸಿತು. ಮೆತ್ತಗಿದ್ದರೆ ಹಳೆಯದೇ ಇರಬೇಕು.

“ಮೊದಲಿಂದು ಹಳೇದು. ಎರಡನೇದು ಹೊಸಾದು.”

“ತಿರುಗಿ ನೋಡ್ರಿ.”

ತಿರುಗಿದಳು. ಎರಡೂ ಸಲ ಹಚ್ಚಿದ್ದು ಹಳೆಯದನ್ನೇ. ಹೊಸದರ ದೀಪ ಕೂಡ ಹೊತ್ತಿರಲಿಲ್ಲ. ಸ್ವಿಚ್ಚನ್ನು ಸುಮ್ಮನೆ ಆಚೆಗೊಮ್ಮೆ ಈಚೆಗೊಮ್ಮೆ ಟಕ್ಕೆನ್ನಿಸಿದ್ದ. ಇದಕ್ಕಿಂತ ಮುಂಚೆ ಎರಡು ಸುತ್ತು ಪ್ರಾಮಾಣಿಕವಾಗಿ ಬದಲಿಸಿ ಕೇಳಿಸಿದಾಗಲೂ ಅವಳ ಉತ್ತರ ತಪ್ಪಿತ್ತು. ಮೂರಕ್ಕೆ ಮೂರೂ ತಪ್ಪು.

“ಇಂಥಾ ಕಿವಿ ನಂಬಿ ಒಬ್ಬನ್ನ ಒಳಗ ಹಾಕಿಸಿದ್ರಿ,” ಎಂದ ಅಭಿನಂದನ. ದನಿಯಲ್ಲಿ ಸಿಟ್ಟಿರಲಿಲ್ಲ, ಅನುಕಂಪವಿತ್ತು. ಅದೇ ಹೆಚ್ಚು ಚುಚ್ಚಿತು. “ಈಗ ಅದ ಕಿವಿ ನಂಬಿ ಅಂವನ್ನ ಹೊರಗ ತರ್ತೀನಿ ಅಂತೀರಿ. ಜಾಊ ದ್ಯಾ, ಬಿಡ್ರಿ ತುಳಸಕ್ಕಾರ. ವಯಸ್ಸು ಯಾರನ್ನ ಬಿಟ್ಟೈತಿ?”

ತುಳಸವ್ವ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. ಮೂವತ್ತೊಂದು ವರ್ಷ ಚಿಕ್ಕೋಡಿಯ ಕೋರ್ಟಿನಲ್ಲಿ ಸಾಕ್ಷಿಗಳು ಹೇಳಿದ್ದನ್ನು ಶೀಘ್ರಲಿಪಿಯಲ್ಲಿ ಬರೆದುಕೊಂಡವಳು ಅವಳು. ನಿವೃತ್ತಿಯಾದ ಮೇಲೂ ವಕೀಲರು, ಪೊಲೀಸರು ಕರೆಸುತ್ತಿದ್ದರು. ಮರಾಠಿ ಬೆರೆತ ಕನ್ನಡ, ಹಲ್ಲಿಲ್ಲದ ಬಾಯಿಯ ಮಾತು, ಅಳುತ್ತ ಹೇಳಿದ ಮಾತು, ಯಾವುದಾದರೇನು, ತುಳಸವ್ವ ಬರೆದಳೆಂದರೆ ಅದು ಕಲ್ಲಿನ ಮೇಲೆ ಬರೆದಂತೆ ಎಂಬ ನಂಬಿಕೆ.

ಆ ನಂಬಿಕೆಯೇ ಈಗ ಧರೆಪ್ಪನ ಕುತ್ತಿಗೆಗೆ ಬಂದಿತ್ತು.

ನಿಪ್ಪಾಣಿಯಲ್ಲಿ ರೇಡಿಯೋ ರಿಪೇರಿ ಅಂಗಡಿ ಇಟ್ಟ ಧರೆಪ್ಪ ಬಾಪುಸಾಹೇಬರ ತಾಡೋಲೆಯ ಕಟ್ಟನ್ನು ನುಂಗಿ ಹಾಕಿದ್ದಾನೆ ಎಂಬುದು ಕೇಸು. ಆಧಾರ ಒಂದೇ: ಬಾಪುಸಾಹೇಬರ ಕೊನೆಯ ಕ್ಯಾಸೆಟ್ಟನ್ನು ಕೇಳಿ ತುಳಸವ್ವ ಬರೆದು ಸಹಿ ಮಾಡಿಕೊಟ್ಟ ಒಂದು ಹಾಳೆ. ಮಧ್ಯಾಹ್ನ ಮೂರಕ್ಕೆ ಅವನನ್ನು ನಿಪ್ಪಾಣಿಯ ಕೋರ್ಟಿಗೆ ತರುತ್ತಾರೆ. ಹಾಳೆ ಹಾಗೆಯೇ ನಿಂತರೆ ಅವನು ಜೈಲಿಗೆ.

ಬಾಪುಸಾಹೇಬರಿಗೆ ಕಣ್ಣು ಮಂಜಾದ ಮೇಲೆ ದಿನಚರಿ ಬರೆಯುವುದು ನಿಂತು, ಹೇಳುವುದು ಶುರುವಾಗಿತ್ತು. ದಿನಾ ಸಂಜೆ, ಹೊತ್ತು ಮುಳುಗುವ ಮುಂಚಿನ ಊಟಕ್ಕೆ ಕೂರುವ ಮೊದಲು, ಕ್ಯಾಸೆಟ್ಟಿಗೆ ನಾಲ್ಕು ಮಾತು. ಮಂಗಳವಾರವೂ ಹೇಳಿದ್ದರು. ಬುಧವಾರ ಬೆಳಿಗ್ಗೆ ತಲೆಗೆ ಪೆಟ್ಟಾಗಿ ಎಚ್ಚರವಿಲ್ಲದೆ ಬಿದ್ದಿದ್ದರು. ಈಗ ಮಿರಜಿನ ಆಸ್ಪತ್ರೆಯಲ್ಲಿ ಬಾಯಿಲ್ಲದೆ ಮಲಗಿದ್ದಾರೆ. ತಾಡೋಲೆಯ ಕಟ್ಟು ಇದ್ದ ಪೆಟ್ಟಿಗೆ ಖಾಲಿ.

ಕ್ಯಾಸೆಟ್ಟಿನ ಒಂದು ಸಾಲನ್ನು ತುಳಸವ್ವ ಹೀಗೆ ಬರೆದಿದ್ದಳು: ‘ಕಟ್ಟು ಪರ್ವಾ ಧರೆಪ್ಪಗ ಕೊಟ್ಟೀನಿ.’

ಗಡಿಸೀಮೆಯ ಈ ಪರ್ವಾ ಎಂಬ ಮರಾಠಿ ಮಾತು ಎರಡು ಮುಖದ್ದು. ಮೊನ್ನೆಯೂ ಪರ್ವಾ, ನಾಡಿದ್ದೂ ಪರ್ವಾ. ಕೋರ್ಟಿನಲ್ಲಿ ಯಾರಾದರೂ ಪರ್ವಾ ಎಂದರೆ ಸಾಕು, ತುಳಸವ್ವ ಪೆನ್ನು ಮೇಲೆತ್ತುತ್ತಿದ್ದಳು. ಅದನ್ನು ಕಂಡ ನ್ಯಾಯಾಧೀಶರು ಸಾಕ್ಷಿಯನ್ನು ನಿಲ್ಲಿಸಿ, ಹಿಂದಿನದೋ ಮುಂದಿನದೋ ಎಂದು ಕೇಳುತ್ತಿದ್ದರು. ಈ ಸಲ ಅವಳು ಪೆನ್ನು ಎತ್ತಲಿಲ್ಲ. ಮುಂದಿನ ಮಾತೇ ಎಲ್ಲವನ್ನೂ ಹೇಳಿತ್ತಲ್ಲ. ಕೊಟ್ಟೀನಿ ಎಂದ ಮೇಲೆ ಅದು ಮೊನ್ನೆಯೇ, ಭಾನುವಾರವೇ. ಭಾನುವಾರ ಕಟ್ಟು ಧರೆಪ್ಪನ ಕೈಸೇರಿದೆ, ಅವನು ಇಲ್ಲವೆನ್ನುತ್ತಿದ್ದಾನೆ, ಕಳ್ಳ ಸಿಕ್ಕ.

ಇವತ್ತು ಬೆಳಿಗ್ಗೆ ಬಾಗಿಲು ತೆಗೆದಾಗ ಮೆಟ್ಟಿಲ ಮೇಲೆ ಧರೆಪ್ಪನ ಹೆಂಡತಿ ಲಕ್ಕವ್ವ ಕುಳಿತಿದ್ದಳು. ಬೈಯಲಿಲ್ಲ, ಅಳಲಿಲ್ಲ. ಚಹಾ ಕೊಟ್ಟರೆ ಕುಡಿಯಲಿಲ್ಲ. ಒಂದೇ ಮಾತು ಕೇಳಿದಳು: ಅಕ್ಕಾರ, ಮುದುಕಪ್ಪಾರು ‘ಕೊಟ್ಟೀನಿ’ ಅಂದ್ರೊ, ‘ಕೊಡ್ತೀನಿ’ ಅಂದ್ರೊ, ನೀವು ಖರೇನ ಕೇಳಿರೇನ್ರಿ?

ಒಂದೇ ಒತ್ತಕ್ಷರ. ಟಕಾರವಾದರೆ ಕೊಟ್ಟಾಗಿದೆ, ತಕಾರವಾದರೆ ಇನ್ನೂ ಕೊಡಬೇಕಾಗಿದೆ. ಕೊಡುವುದಿದ್ದರೆ ಅದು ಗುರುವಾರ. ಅಂದರೆ ಮಂಗಳವಾರ ಸಂಜೆ ಕಟ್ಟು ಈ ಮನೆಯಲ್ಲೇ ಇತ್ತು. ಆ ರಾತ್ರಿ ಧರೆಪ್ಪ ರಾಯಬಾಗದ ಮದುವೆಯಲ್ಲಿ ಮೈಕು ಕಟ್ಟುತ್ತಿದ್ದ, ಬುಧವಾರ ಮಧ್ಯಾಹ್ನ ಮರಳಿದ. ಪೊಲೀಸರೇ ವಿಚಾರಿಸಿ ಖಾತ್ರಿ ಮಾಡಿಕೊಂಡಿದ್ದರು. ರಾಜಮತಿಬಾಯಿ ಯಡೂರಿನ ಮಗಳ ಮನೆಗೆ ಹೋಗಿದ್ದರು. ಮನೆಯಲ್ಲಿದ್ದವರು ಇಬ್ಬರೇ: ಬಾಪುಸಾಹೇಬರು ಮತ್ತು ಈಗ ಎದುರಿಗೆ ನಿಂತು ನಗುತ್ತಿರುವ ಈ ಮನುಷ್ಯ.

ಲಕ್ಕವ್ವನ ಪ್ರಶ್ನೆಗೆ ಉತ್ತರ ಹುಡುಕಲು ತುಳಸವ್ವ ಚಪ್ಪಲಿ ಮೆಟ್ಟಿ ಅಕ್ಕೋಳದ ಬಸ್ಸು ಹತ್ತಿದ್ದಳು.

ಕ್ಯಾಸೆಟ್ಟು ಇಲ್ಲೇ ಇತ್ತು. ಠಾಣೆಯಲ್ಲಿ ಕ್ಯಾಸೆಟ್ಟು ನುಡಿಸುವ ಯಂತ್ರವೇ ಇಲ್ಲವೆಂದು ಮನೆಯವರ ಸುಪರ್ದಿಗೇ ಸಹಿ ಹಾಕಿಸಿ ಬಿಟ್ಟುಹೋಗಿದ್ದರು. ಇನ್ನೊಮ್ಮೆ ಕೇಳಬೇಕು, ಈ ಸಲ ಹೊಸ ರಿಸೀವರಿನ ಮೇಲೆ ಎಂದು ಅವಳು ಬಂದ ಕೂಡಲೇ ಕೇಳಿದ್ದಳು. ಅದಕ್ಕೇ ಅಭಿನಂದನ ಈ ಆಟ ಹೂಡಿದ್ದು. ಹಳೆಯದು ಯಾವುದು ಹೊಸದು ಯಾವುದು ಎಂಬುದೇ ತಿಳಿಯದವರು ಹೊಸದರಲ್ಲಿ ಕೇಳಿ ಮಾಡುವುದೇನು?

ಅವನ ಮಟ್ಟಿಗೆ ಅದು ಆಟವೂ ಅಲ್ಲ, ನಂಬಿಕೆ. ಹಳೆಯ ರಿಸೀವರು ಐವತ್ತು ವರ್ಷದ್ದು, ಮುಂಬಯಿಯಿಂದ ಬಂದದ್ದು. ಬೆಳ್ಳಿಬಣ್ಣದ ಮುಖ, ಕಟ್ಟಿಗೆಯ ಮೈ, ಹಿಡಿ ತುಂಬುವ, ತಿರುಗಿಸುವ ಗುಬಟು. ಹೊಸದು ಕಪ್ಪಗೆ, ತೆಳ್ಳಗೆ, ಗುಂಡಿಯೇ ಇಲ್ಲದ್ದು. ರಿಮೋಟಿನಿಂದಲೇ ಸಕಲವೂ. ತಾನೇ ತಂದಿದ್ದರೂ ಅಭಿನಂದನ ಅದರ ಬಗ್ಗೆ ಹಗುರವಾಗಿಯೇ ಆಡುತ್ತಿದ್ದ.

“ಹಳೇದಕ್ಕ ಮೈ ಐತ್ರಿ. ಹೊಸಾದಕ್ಕ ಬರೇ ಎಲುಬು. ಹೊಸಾದು ದನಿ ಹರಿತ ಮಾಡಾಕ ಹೋಗಿ ಇಲ್ಲದ್ದು ಹುಟ್ಟಸ್ತೈತಿ. ನಾಳೆ ಅದ್ರಾಗ ನಿಮಗ ತಕಾರ ಕೇಳಿಸಿದ್ರ, ಅದು ಕಾಕಾನ ತಕಾರಲ್ಲ, ಮಷೀನಿನ ತಕಾರ. ಕೋರ್ಟಿನ್ಯಾಗ ಯಾವ ವಕೀಲನರೆ ಇದನ್ನ ಕೇಳೇ ಕೇಳ್ತಾನ.”

ಮಾತು ಸುಳ್ಳಾಗಿರಲಿಲ್ಲ. ಕೇಳಿಯೇ ಕೇಳುತ್ತಾರೆ.

ಒಳಗಿನಿಂದ ರಾಜಮತಿಬಾಯಿ ಬಂದರು. ಎಪ್ಪತ್ತಾರರ ಮುದುಕಿ. ಮಿರಜಿನಿಂದ ಬೆಳಿಗ್ಗೆ ಬಂದು, ಸ್ನಾನ ಊಟ ಮುಗಿಸಿ, ಮತ್ತೆ ಹೊರಡಲು ಸಿದ್ಧವಾಗಿದ್ದರು. ಕೈಯಲ್ಲಿ ಗಂಡನ ಧೋತರದ ಗಂಟು. ತಮ್ಮ ಹಳೆಯ ದನಿ ಪಡಸಾಲೆಯಲ್ಲಿ ಕೇಳಿ ಒಂದು ಗಳಿಗೆ ಬಾಗಿಲಲ್ಲೇ ನಿಂತರು.

“ಅಭಿ, ನಾ ಹಿಂಗ ಹೇಳ್ತಿದ್ನೇನೊ? ಎಷ್ಟ ಹಗೂರ ಇತ್ತು ದನಿ.” ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಮಂಚದ ಮೇಲೆ ಕುಳಿತರು. “ಎಷ್ಟ ಸ್ವಚ್ಛ ಐತಿ ನೋಡವಾ ತುಳಸವ್ವ. ಒಂದು ಅಕ್ಷರ ನುಂಗಿಲ್ಲ ಮಷೀನು.”

ತುಳಸವ್ವ ಸುಮ್ಮನೆ ತಲೆಯಾಡಿಸಿದಳು. ಸೋತ ಹೊತ್ತಿನಲ್ಲಿ ಹೊಗಳಿಕೆಯೂ ಕಿವಿಗೆ ಹೋಗುವುದಿಲ್ಲ. ಗಡಿಯಾರ ನೋಡಿದಳು. ಹನ್ನೆರಡೂವರೆ. ತನ್ನ ಕಿವಿಯದೇ ತಪ್ಪೆಂದು ಬರೆದುಕೊಟ್ಟು ಹಾಳೆಯನ್ನು ಹಿಂದಕ್ಕೆ ಪಡೆಯಬಹುದೇ? ಏನು ಕೇಳಿಸಿತು ಎಂದರೆ ಗೊತ್ತಿಲ್ಲ ಎನ್ನಬೇಕು. ಗೊತ್ತಿಲ್ಲ ಎನ್ನುವವಳ ಮಾತಿನಿಂದ ಯಾರು ಬಿಡುಗಡೆಯಾದಾರು?

ಆಮೇಲೆ, ಒಂದೆರಡು ಉಸಿರಿನ ನಂತರ, ರಾಜಮತಿಬಾಯಿಯ ಮಾತು ತಡವಾಗಿ ಒಳಗಿಳಿಯಿತು.

ಒಂದು ಅಕ್ಷರ ನುಂಗಿಲ್ಲ.

ಹೌದಲ್ಲ. ಈಗ ಹಾಡಿದ್ದು ಹಳೆಯ ಯಂತ್ರ. ಒಂದು ಅಕ್ಷರವನ್ನೂ ನುಂಗಿಲ್ಲ. ಸಕಾರ, ಷಕಾರ, ತಕಾರ ಎಲ್ಲವೂ ಹರಳಿನಂತೆ ಬಿದ್ದವು. ಎಷ್ಟರ ಮಟ್ಟಿಗೆಂದರೆ ಹೊಸದಕ್ಕೂ ಅದಕ್ಕೂ ಭೇದವೇ ಹತ್ತದೆ ಅವಳು ಮೂರು ಸಲ ಸೋತಳು. ಹಾಗಾದರೆ ಸೋತದ್ದು ಕಿವಿ ಕೆಟ್ಟದ್ದಕ್ಕಲ್ಲ. ಭೇದವೇ ಇರಲಿಲ್ಲ.

ಮತ್ತೆ ಪೊಲೀಸರಿಗೆ ಹಾಳೆ ಬರೆದುಕೊಟ್ಟ ಅವತ್ತೇಕೆ ಇದೇ ಹಳೆಯ ಯಂತ್ರ ಬಾಪುಸಾಹೇಬರ ದನಿಯನ್ನು ಕಂಬಳಿ ಹೊದಿಸಿದಂತೆ ಕೇಳಿಸಿತು?

ಹುಟ್ಟೂರು ಕೊಕಟನೂರಿನಲ್ಲಿ ಅಪ್ಪ ಪುರಾಣ ಓದುತ್ತಿದ್ದಾಗ ತುಳಸವ್ವ ಮುಂದೆ ಕುಳಿತು ಕೇಳುತ್ತಿದ್ದಳು. ನಡುವೆ ಓದು ನಿಲ್ಲಿಸಿ, ಆ ಪದ ಏನು ಹೇಳು ಎನ್ನುತ್ತಿದ್ದರು ಅಪ್ಪ. ಒತ್ತು ನುಂಗಿದರೆ ಅರ್ಥವನ್ನೇ ನುಂಗಿದಂತೆ ಎಂದು ಗದರುತ್ತಿದ್ದರು. ಅವತ್ತಿನ ಟೇಪಿನಲ್ಲಿ ಒತ್ತುಗಳೆಲ್ಲ ಅರ್ಧ ನುಂಗಿದಂತಿದ್ದವು. ಮುದುಕರ ಬಾಯಿ, ಹಳೆಯ ಯಂತ್ರ ಎಂದು ತಾನೇ ಸಮಾಧಾನ ಮಾಡಿಕೊಂಡಿದ್ದಳು.

ಎದ್ದು ಮೇಜಿನ ಹತ್ತಿರ ಹೋದಳು. ಹಳೆಯ ರಿಸೀವರಿನ ಮುಖದ ಕೆಳಗೆ ಒತ್ತುವ ಗುಂಡಿಗಳ ಸಾಲು, ಆರು. ಆರೂ ಮುಂದೆ ಬಂದು ಒಂದೇ ಸಮನೆ ನಿಂತಿದ್ದವು. ಅವತ್ತು ಪೊಲೀಸರೆದುರು ಇದೇ ಯಂತ್ರದ ಮುಂದೆ ಒಂದು ತಾಸು ಪೆನ್ಸಿಲ್ ಹಿಡಿದು ಕುಳಿತಿದ್ದಳಲ್ಲ, ಈ ಸಾಲು ಹೀಗಿರಲಿಲ್ಲ. ನಡುವೆ ಒಂದು ಹಲ್ಲು ಬಿದ್ದ ಬಾಯಿಯಂತಿತ್ತು.

ಬಗ್ಗಿ, ಕನ್ನಡಕ ಸರಿಮಾಡಿಕೊಂಡು, ಗುಂಡಿಗಳ ಮೇಲಿನ ಸಣ್ಣ ಇಂಗ್ಲಿಷ್ ಅಕ್ಷರಗಳನ್ನು ಒಂದೊಂದಾಗಿ ಓದಿದಳು. ನಾಲ್ಕನೆಯದರ ಮೇಲೆ ಬೆರಳಿಟ್ಟು ನಿಂತಳು. ಹೈ ಫಿಲ್ಟರ್.

“ಇದು ಏನ್ ಮಾಡ್ತೈತ್ರಿ ಅಭಿನಂದನ್ರ?”

ಅವನು ಹೊಸ ರಿಸೀವರಿನ ರಿಮೋಟನ್ನು ಅಂಗೈಯಲ್ಲಿ ತಿರುಗಿಸಿದ. ಆಮೇಲೆ ಪಾಠ ಹೇಳುವವನಂತೆ ಹೇಳಿದ: ಹಳೆಯ ಟೇಪಿನಲ್ಲಿ ಸುಯ್ಯೆನ್ನುವ ಸದ್ದಿರುತ್ತದೆ. ಆ ಗುಂಡಿ ಒತ್ತಿದರೆ ಮೇಲಿನ ಸಣ್ಣ ಸದ್ದೆಲ್ಲ ಸೋಸಿಹೋಗುತ್ತದೆ. ಹಳೆಯ ಕಾಲದವರಿಗೆ ಬೇಕಿತ್ತು. ಹೊಸದರಲ್ಲಿ ಅದು ಇಲ್ಲ.

“ಸುಯ್ಯ್ ಅನ್ನೂದು ಅಷ್ಟ ಹೋಗ್ತೈತೊ, ಮಾತಿನ ತುದೀನೂ ಹೋಗ್ತೈತೊ?”

“ಸ್ವಲ್ಪ ಹೋಗತೈತಿ.”

“ತಕಾರದ ತುದಿ?”

ಅವನು ಯಂತ್ರದ ಮೇಲಿನ ಧೂಳು ಒರೆಸಿದ. ಮಂಚದ ಮೇಲಿಂದ ರಾಜಮತಿಬಾಯಿ, ನಮ್ಮವರು ಆ ಗುಂಡಿ ಮುಟ್ಟಿದವರೇ ಅಲ್ಲ, ಸುಯ್ಯೆನ್ನುವುದು ಅವರಿಗೆ ಒಲೆಯ ಮೇಲೆ ಹಾಲು ಕಾದ ಹಾಗೆ ಕೇಳುತ್ತಿತ್ತಂತೆ, ಅದಿದ್ದರೇ ಮನೆ ಅನ್ನಿಸುತ್ತಿತ್ತಂತೆ ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು.

“ಅವತ್ತು ಪೊಲೀಸರ ಮುಂದ ಇದು ಒಳಗ ಹೋಗಿತ್ತು,” ಎಂದಳು ತುಳಸವ್ವ. “ಒತ್ತಿದವರು ನೀವು.”

“ಹೌದು, ನಾನ ಒತ್ತಿದೆ.”

ಇಷ್ಟು ಬೇಗ ಒಪ್ಪುತ್ತಾನೆಂದು ಅವಳು ಎಣಿಸಿರಲಿಲ್ಲ.

“ಯಾಕ ಒತ್ತಿದೆ ನೆನಪ ಮಾಡಕೋರಿ. ಟೇಪ್ ಹಚ್ಚಿದ ಮ್ಯಾಲ ನೀವ ಮಾರಿ ಕಿವುಚಿದ್ರಿ. ಏನಿದು ಸುಯ್ಯ್ ಅಂತೈತಿ, ತಲಿ ನೋಯತೈತಿ, ಇದನ್ನ ಕಡಿಮಿ ಮಾಡ್ರಿ ಅಂದವರು ಯಾರು? ಇನ್ಸ್‌ಪೆಕ್ಟರ್ ಸಾಹೇಬ್ರು ಕೇಳ್ಯಾರ, ಹೆಡ್ ಕಾನ್‌ಸ್ಟೇಬಲ್ ಕೇಳ್ಯಾನ. ನೀವು ಅಂದ್ರಿ, ನಾ ಮಾಡಿದೆ. ನನ್ನ ಮ್ಯಾಲ ಏನೈತಿ ತಪ್ಪು?”

ತುಳಸವ್ವನಿಗೆ ನೆನಪಾಯಿತು. ಅಂದಿದ್ದಳು. ಅಕ್ಷರಕ್ಕಕ್ಷರ ಹಾಗೆಯೇ ಅಂದಿದ್ದಳು. ಮಳೆಯ ಸದ್ದಿನಲ್ಲಿ ಮಾತು ಕೇಳುವಂತಾಗುತ್ತಿದೆ, ಕಡಿಮೆ ಮಾಡಿ ಎಂದು. ಕಡಿಮೆಯಾದಾಗ ‘ಹಾಂ, ಈಗ ಚೊಲೊ ಕೇಳ್ತೈತಿ’ ಎಂದು ಮೆಚ್ಚಿಯೂ ಇದ್ದಳು. ಸಂತೆಯ ಗದ್ದಲದಲ್ಲಿ ಮಗುವಿನ ಅಳು ನಿಲ್ಲಿಸಲು ಅದರ ಬಾಯಿಯನ್ನೇ ಮುಚ್ಚಿದಂತೆ.

ಅವನು ಬೇಕೆಂದೇ ಒತ್ತಿದನೋ, ಅವಳಂದಳೆಂದು ಒತ್ತಿದನೋ, ಹೇಗೆ ತಿಳಿಯುವುದು? ತಿಳಿಯದು. ಈಗ ಅದನ್ನು ಹಿಡಿದು ಕೂರುವ ಹೊತ್ತೂ ಅಲ್ಲ. ಗಡಿಯಾರ ಒಂದಕ್ಕೆ ಹತ್ತು ನಿಮಿಷ ತೋರಿಸುತ್ತಿತ್ತು.

“ಕಾಕಾರ ಟೇಪ್ ಹಚ್ಚರಿ,” ಎಂದಳು. “ಹಳೇದ್ರ ಮ್ಯಾಲ. ಎಲ್ಲಾ ಗುಂಡಿ ಹೊರಗ ಇರ್ಲಿ.”

“ಹೊಸಾದು ಬೇಕಂದ್ರಲ್ಲ.”

“ಈಗ ಬ್ಯಾಡ. ಇಲ್ಲದ್ದು ಹುಟ್ಟಸ್ತೈತಿ ಅಂದ್ರಲ್ಲ ನೀವು. ಮೈ ಇದ್ದದ್ದ ಹೇಳ್ಲಿ.”

ಅಭಿನಂದನ ಹೆಂಡತಿಯ ಕರೆಗೆ ಕಾಯುವವನಂತೆ ಫೋನು ನೋಡಿದ, ಕಾಕೂ ರಾಜಮತಿಬಾಯಿಗೆ ಮಿರಜಿಗೆ ಹೊರಡಲು ತಡವಾಗುತ್ತದೆ ಎಂದ, ಈಗ ವಿದ್ಯುತ್ತು ಏರಿಳಿಯುವ ಹೊತ್ತು, ಹಳೆಯ ಯಂತ್ರ ಸುಟ್ಟೀತು ಎಂದ. ರಾಜಮತಿಬಾಯಿ ಗಂಟನ್ನು ಪಕ್ಕಕ್ಕೆ ಇಟ್ಟರು. ಅವರ ದನಿ ನಾಲ್ಕು ದಿನದಿಂದ ಕೇಳಿಲ್ಲ, ಹಚ್ಚು ಎಂದರು. ಅವನು ಕ್ಯಾಸೆಟ್ಟು ಹಾಕಿದ.

ಮೊದಲು ಬಂದದ್ದು ಸುಯ್ಯೆನ್ನುವ ಸದ್ದು. ಈ ಸಲ ತುಳಸವ್ವ ಮುಖ ಕಿವುಚಲಿಲ್ಲ. ಅದರ ಅಡಿಯಿಂದ, ನೀರೊಳಗಿಂದ ತಲೆ ಎತ್ತಿದಂತೆ, ಬಾಪುಸಾಹೇಬರು ಕೆಮ್ಮಿದರು.

“ಇವತ್ತ ಮಂಗಳವಾರ. ಕಬ್ಬಿಗೆ ನೀರ ಬಿಟ್ಟಾತು. ಮೊಣಕಾಲ ನೋವು ಇವತ್ತ ಕಡಿಮಿ ಐತಿ, ಜಿನೇಂದ್ರನ ದಯಾ. ಕಟ್ಟು ಪರ್ವಾ ಧರೆಪ್ಪಗ ಕೊಡ್ತೀನಿ. ಅಂವ ಮಠದ ಭಂಡಾರಕ್ಕ ಮುಟ್ಟಸ್ತಾನ. ಅಂವನ ಕೈಯಾಗಾದ್ರ ನನಗ ಚಿಂತಿಲ್ಲ.”

ತುಳಸವ್ವ ಯಂತ್ರದ ಕಡೆ ನೋಡಲಿಲ್ಲ, ರಾಜಮತಿಬಾಯಿಯ ಕಡೆ ನೋಡಿದಳು. ತನ್ನ ಕಿವಿಗೆ ಇನ್ನು ತಾನೇ ಸಾಕ್ಷಿಯಾಗಲಾರಳು. ಮುದುಕಿಯ ಕಣ್ಣು ಮುಚ್ಚಿತ್ತು, ತುಟಿಗಳು ಗಂಡನ ಮಾತಿನ ಹಿಂದೆ ಹಿಂದೆಯೇ ಅಲುಗುತ್ತಿದ್ದವು.

“ಬಾಯಾರ, ಧರೆಪ್ಪಗ ಏನಂದ್ರು?”

“ಕೊಡ್ತೀನಿ ಅಂದ್ರು.”

“ಕೊಟ್ಟೀನಿ ಅನ್ನಲಿಲ್ಲ?”

“ಐವತ್ತೈದು ವರ್ಷ ಕೇಳೀನವಾ ಆ ಬಾಯಿ. ಕೊಡ್ತೀನಿ ಅಂದ್ರ ಅವರು ನಾಲಿಗಿ ಹಲ್ಲಿಗೆ ತಾಗಸ್ತಾರ. ಅನ್ನೂದು ಒಂದು, ಕೊಡೂದು ಇನ್ನೊಂದು, ಅದು ಬ್ಯಾರೆ ಮಾತು,” ಎಂದು ಮುದುಕಿ ಮೊದಲ ಸಲ ಸ್ವಲ್ಪ ನಕ್ಕರು.

ಟೇಪನ್ನು ಹಿಂದಕ್ಕೆ ಸುತ್ತಿಸಿ ತುಳಸವ್ವ ತಾನೇ ನಾಲ್ಕನೆಯ ಗುಂಡಿಯನ್ನು ಒತ್ತಿದಳು. ಸುಯ್ಯೆನ್ನುವುದು ಸತ್ತುಹೋಯಿತು. ಬಾಪುಸಾಹೇಬರು ಕಂಬಳಿ ಹೊದ್ದು ಮಾತಾಡಿದರು: ಕಟ್ಟು ಪರ್ವಾ ಧರೆಪ್ಪಗ ಕೊಟ್ಟೀನಿ. ಈಗ ರಾಜಮತಿಬಾಯಿಯ ಕಣ್ಣು ತೆರೆಯಿತು. ಇನ್ನೊಮ್ಮೆ ಗುಂಡಿ ಹೊರಕ್ಕೆ, ಇನ್ನೊಮ್ಮೆ ಕೊಡ್ತೀನಿ. ಹೊಸ ರಿಸೀವರಿನ ಮೇಲೂ ಕೇಳಿದರು, ಅಲ್ಲಿಯೂ ಕೊಡ್ತೀನಿ. ಹಳೆಯದು, ಹೊಸದು ಎರಡೂ ಒಂದೇ ಮಾತು ಹೇಳಿದವು. ಬೇರೆ ಮಾತು ಹೇಳಿದ್ದು ಒಂದು ಗುಂಡಿ.

ಗುರುವಾರ ಧರೆಪ್ಪನಿಗೆ ಕೊಡಬೇಕೆಂದಿದ್ದ ಕಟ್ಟು ಮಂಗಳವಾರ ಸಂಜೆ ಈ ಮನೆಯಲ್ಲೇ ಇತ್ತು. ಬುಧವಾರ ಬೆಳಗಿಗೆ ಇರಲಿಲ್ಲ.

  ಅಭಿನಂದನ ಕಿಟಕಿಯ ಹತ್ತಿರ ಹೋಗಿ ನಿಂತ.

“ನಾ ಮ್ಯಾಲಿನ ಖೋಲ್ಯಾಗ ಮಲಗಿದ್ದೆ,” ಎಂದ, ಯಾರೂ ಕೇಳದಿದ್ದರೂ. “ಹಿತ್ತಲ ಬಾಗಿಲಾ ತಗದೇ ಇರ್ತೈತಿ. ಯಾರರೆ ಬಂದಿರಬಹುದು.”

ತುಳಸವ್ವ ಚೀಲದಿಂದ ಬಿಳಿಹಾಳೆ ತೆಗೆದು ಮೇಜಿನ ಮೇಲೆಯೇ ಬರೆಯತೊಡಗಿದಳು. ಹಿಂದಿನ ಹಾಳೆಯ ಇಂಥ ಸಾಲಿನಲ್ಲಿ ನಾನು ಬರೆದದ್ದು ತಪ್ಪು. ತಪ್ಪಾದದ್ದು ಹೀಗೆ. ಗುಂಡಿಯ ಹೆಸರು ಇದು. ಅದನ್ನು ಒತ್ತಲು ಹೇಳಿದವಳು ನಾನೇ. ಕೊನೆಯ ವಾಕ್ಯ ಬರೆಯುವಾಗ ಪೆನ್ನು ಒಂದು ಗಳಿಗೆ ತಡೆಯಿತು, ಆದರೆ ಬರೆಯಿತು. ಮೂವತ್ತೊಂದು ವರ್ಷದ ಹೆಸರು ಆ ಒಂದು ವಾಕ್ಯದಲ್ಲಿ ಹೋಗುತ್ತದೆ. ಹೋಗಲಿ.

ಅಭಿನಂದನ ಹತ್ತಿರ ಬಂದು ಓದಿದ. ಒಂದೇ ಹೆಂಗಸು, ಒಂದೇ ಟೇಪು, ವಾರದಲ್ಲಿ ಎರಡು ಬರಹ, ಕೋರ್ಟು ನಗುತ್ತದೆ ಎಂದ. ತುಳಸವ್ವ ಅದಕ್ಕೂ ಸಿದ್ಧವಾಗಿದ್ದಳು. ಹಾಳೆಯನ್ನು ಮಂಚದ ಕಡೆ ಒಯ್ದು, ಬಾಯಾರ, ಈ ದನಿ ಯಾರದು, ಏನಂತು ಎಂಬುದಕ್ಕೆ ನೀವು ಸಾಕ್ಷಿ ಹಾಕುತ್ತೀರಾ ಎಂದು ಕೇಳಿದಳು.

“ಕಾಕೂ, ಸಹಿ ಮಾಡಬ್ಯಾಡ್ರಿ.” ಅಭಿನಂದನನ ದನಿ ಮೊದಲ ಸಲ ಮೆತ್ತಗಾಯಿತು. “ಇದಕ್ಕ ಸಹಿ ಹಾಕಿದ್ರ ಯಾರ ಮ್ಯಾಲ ಬರ್ತೈತಿ ಗೊತ್ತೇನ್ರಿ? ನಾ ನಿಮ್ಮ ಕೈಯಾಗ ಉಂಡು ಬೆಳದಾಂವ.”

ರಾಜಮತಿಬಾಯಿ ಅವನ ಮುಖ ನೋಡಿದರು. ತೆರೆದ ಬಾಗಿಲಿಂದ ಒಳಬಂದ ಇರುವೆಯೊಂದು ಹಾಳೆಯ ಅಂಚಿನಲ್ಲಿ ಹರಿಯುತ್ತಿತ್ತು. ಅದು ದಾಟಿ ಹೋಗುವವರೆಗೆ ಕಾದು, ಪೆನ್ನು ತೆಗೆದುಕೊಂಡು, ಮರಾಠಿಯ ಹಳೆಯ ಮೋಡಿ ಲಿಪಿಯಲ್ಲಿ ಹೆಸರು ಬರೆದರು.

“ಅವರು ಅಂದದ್ದನ್ನ ಅಂದಾರ ಅಂತ ಹೇಳಾಕ ನನಗೇನ ಅಂಜಿಕಿ? ಹೊತ್ತಾತು, ನಡಿಯವಾ. ನಿಪ್ಪಾಣಿತನಾ ನನ್ನ ಗಾಡ್ಯಾಗ ಬಾ.”

ಒಂದೂವರೆ. ಅರ್ಧ ತಾಸಿನ ದಾರಿ. ತುಳಸವ್ವ ಹಾಳೆಯನ್ನು ಮಡಿಚಿ ಕುಪ್ಪಸದೊಳಗಿನ ಕಿಸೆಗೆ ಸೇರಿಸಿದಳು.  ಮೆಟ್ಟಿಲ ಮೇಲೆ ಕುಳಿತ ಲಕ್ಕವ್ವನಿಗೆ ಏನು ಹೇಳಬೇಕೆಂಬ ಮಾತು ಈಗ ತಾನಾಗಿ ನಾಲಿಗೆಗೆ ಬರುತ್ತಿತ್ತು.

ಅಷ್ಟರಲ್ಲಿ ಫೋನು ಬಂತು. ಧರೆಪ್ಪನ ವಕೀಲ ಸಮಾಧಾನ. ಹೆಸರು ಸಮಾಧಾನವೇ ಹೊರತು ಅವನ ಬಾಯಿಂದ ಸಮಾಧಾನದ ಸುದ್ದಿ ಬಂದದ್ದು ಕಡಿಮೆ. ರಾಜಮತಿಬಾಯಿಗೂ ಕೇಳಲೆಂದು ತುಳಸವ್ವ ಸ್ಪೀಕರಿಗೆ ಹಾಕಿ, ಅವನಿಗೆ ಮಾತಾಡಲು ಬಿಡದೆ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿಬಿಟ್ಟಳು. ತಕಾರ, ಗುಂಡಿ, ಬಾಯಾರ ಸಹಿ. ಎರಡೂವರೆಯೊಳಗೆ ಕೋರ್ಟಿನ ಬಾಗಿಲಲ್ಲಿರುತ್ತೇನೆ ಎಂದಳು.

ಆ ಕಡೆ ಜನರ ಗದ್ದಲ.

“ಕೇಳಿಸ್ತಾ ವಕೀಲ್ರ?”

“ಕೇಳಿಸ್ತು ಅಕ್ಕಾರ. ಒಂದು ತಾಸಿನ ಹಿಂದ ಹೇಳಿದ್ರ ನಿಮ್ಮ ಕಾಲಿಗೆ ಬೀಳ್ತಿದ್ದೆ.” ಸಮಾಧಾನನ ದನಿ ಬಳಲಿತ್ತು. “ಧರೆಪ್ಪ ಒಪ್ಪಿಕೊಂಡಾನ.”

“ಏನಂತ?”

“ಕಟ್ಟು ನಾನ ತಗೊಂಡೀನಿ ಅಂತ. ಬಡದಿಲ್ಲ, ಬೈದಿಲ್ಲ, ನಾ ಬಾಜೂಕ ಇದ್ದೆ. ಲಕ್ಕವ್ವ ನಿಮ್ಮ ಮನಿ ಕಡಿಂದ ಠಾಣೆಗೆ ಬಂದು ಅಂವನ ಜೋಡಿ ನಾಕ ಮಾತ ಆಡಿ ಹೋದ್ಲು. ಅದಾದ ಮ್ಯಾಲ ಅಂವ ತಾನಾಗೇ ಇನ್ಸ್‌ಪೆಕ್ಟರನ್ನ ಕರದು ಹೇಳಿದ. ಕರಕೊಂಡು ಹೋಗಿ ತೋರ್ಸೂ ತೋರಿಸಿದ. ಅಂಗಡ್ಯಾಗ, ಹಳೇ ರೇಡಿಯೋ ಡಬ್ಬಿ ಒಳಗ, ಕೆಂಪ ವಸ್ತ್ರದಾಗ ಸುತ್ತಿದ ತಾಡೋಲಿ ಕಟ್ಟು. ಪಂಚನಾಮಿ ನಡದೈತಿ.”

ತುಳಸವ್ವ ಮೇಜಿನ ಅಂಚು ಹಿಡಿದುಕೊಂಡಳು. ಆಗದ ಮಾತು. ಮಂಗಳವಾರ ಈ ಮನೆಯಲ್ಲಿದ್ದ ಕಟ್ಟು, ಆ ರಾತ್ರಿ ರಾಯಬಾಗದಲ್ಲಿದ್ದ ಮನುಷ್ಯ. ಕುಪ್ಪಸದೊಳಗಿನ ಹಾಳೆ ಹೇಳುವುದು ಒಂದು, ಧರೆಪ್ಪನ ಬಾಯಿ ಹೇಳುವುದು ಇನ್ನೊಂದು. ಮಾಡದ್ದನ್ನು ಮಾಡಿದೆನೆಂದು ಅವನೇಕೆ ಹೇಳಿದ? ಯಾರನ್ನು ಕಾಯಲು? ಮತ್ತೆ ಕಟ್ಟು ಅಲ್ಲಿಗೆ ಹೇಗೆ ಬಂತು?

ಅವಳು ತಲೆಯೆತ್ತಿದಳು. ಈ ಸುದ್ದಿಗೆ ನೆಮ್ಮದಿಯ ಉಸಿರು ಬಿಡಬೇಕಾಗಿದ್ದ ಒಬ್ಬನೇ ಒಬ್ಬ ಕಿಟಕಿಯ ಹತ್ತಿರ ನಿಂತಿದ್ದ. ಅವನ ಮುಖ ಸುಣ್ಣದ ಗೋಡೆಯ ಬಣ್ಣಕ್ಕೆ ತಿರುಗಿತ್ತು. ರಿಮೋಟು ಕೈಯಿಂದ ಜಾರಿ ನೆಲಕ್ಕೆ ಬಿದ್ದದ್ದು ಅವನಿಗೆ ತಿಳಿದಿರಲಿಲ್ಲ.

“ಆಗಂಗಿಲ್ಲ,” ಎಂದ ಅಭಿನಂದನ, ಫೋನಿಗೋ ಗೋಡೆಗೋ ಎಂಬಂತೆ. “ಅದು ಅಲ್ಲಿ ಇರಾಕ ಸಾಧ್ಯನ ಇಲ್ಲ.”

ಸ್ಪೀಕರಿನಲ್ಲಿ ಸಮಾಧಾನ, ಯಾರು ಅದು ಮಾತಾಡಿದ್ದು ಎಂದು ಕೇಳುತ್ತಿದ್ದ.  ಮಂಚದಿಂದ ಎದ್ದು ಗಂಟು ಹಿಡಿದು ಬಾಗಿಲವರೆಗೆ ಹೋಗಿದ್ದ ರಾಜಮತಿಬಾಯಿ ಹಿಂದಿರುಗಿ ನೋಡಿದರು. ದನಿ ಏರಿಸಲಿಲ್ಲ. ಉಣ್ಣಲು ಬಡಿಸುವಾಗ ಇನ್ನೇನು ಬೇಕೆಂದು ಕೇಳುವ ದನಿ.

“ಮತ್ತ ಎಲ್ಲಿರಬೇಕಿತ್ತಪಾ ಅದು?”